ಮನೆ ಹೆರಿಗೆ ಮತ್ತು ಸೂಲಗಿತ್ತಿಯರ ಆರೈಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲೇ ಹೆರಿಗೆಯಾಗಬೇಕೆಂದು ಬಯಸುವವರು, ಅವರ ಗಂಡಂದಿರು, ತಾಯಂದಿರು ಮತ್ತು ಈ ಯೋಚನೆ ಕೇಳಿಯೇ ಗಾಬರಿಯಾದವರು ಮಾತುಕತೆಯಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಆದಷ್ಟು ಅವರ ಮಾತಿನಲ್ಲೇ ಇಟ್ಟು ಇಲ್ಲಿ ಉತ್ತರಿಸಲಾಗಿದೆ. ಸೂಲಗಿತ್ತಿ ಎಂದಿರುವಲ್ಲೆಲ್ಲ, ಬೇರೆಯಾಗಿ ಹೇಳದ ಹೊರತು, ತರಬೇತಿಯೂ ಪರವಾನಗಿಯೂ ಇರುವ ಮಿಡ್‌ವೈಫ್ ಎಂದೇ ತಿಳಿಯಬೇಕು. ನಿಮ್ಮನ್ನು ಪರೀಕ್ಷಿಸಿ ಬಲ್ಲವರ ಸಲಹೆಗೆ ಈ ಬರಹ ಬದಲಿಯಾಗಲಾರದು.

## ಮೊದಲು ತಿಳಿಯಬೇಕಾದದ್ದು

ಮನೆಗೆ ಬರುವ ಸೂಲಗಿತ್ತಿ ಎಂದರೆ ಅಜ್ಜಿಯ ಕಾಲದಲ್ಲಿ ಹೆರಿಗೆ ಮಾಡಿಸುತ್ತಿದ್ದವರ ಹಾಗೆಯೇ?

ತಾಳ್ಮೆ, ಪಕ್ಕದಲ್ಲೇ ಕೂತು ಕಾಯುವ ಗುಣ ಮತ್ತು ಮೈಮುಟ್ಟಿ ಅರಿಯುವ ಕೈ, ಈ ಮೂರರಲ್ಲಿ ಹೌದು. ನೋಡಿ ಕಲಿತು, ಮಾಡಿ ಪಳಗಿದ ಆ ಹೆಂಗಸರನ್ನು ಕೀಳಾಗಿ ಕಾಣಲು ಯಾವ ಕಾರಣವೂ ಇಲ್ಲ. ಆದರೆ ಬಾಣಂತಿಗೆ ರಕ್ತಸ್ರಾವವಾದಾಗ ಕೊಡಲು ಅವರ ಬಳಿ ಔಷಧವಿರಲಿಲ್ಲ, ರಕ್ತದೊತ್ತಡ ಏರಿದ್ದು ತಿಳಿಯುವ ಸಾಧನವಿರಲಿಲ್ಲ, ಕಷ್ಟವಾದರೆ ಕರೆಯಲು ಬೆನ್ನ ಹಿಂದೆ ಯಾರೂ ಇರಲಿಲ್ಲ. ಇಂದಿನ ಸೂಲಗಿತ್ತಿಗೆ ಇವೆಲ್ಲ ಇರಲೇಬೇಕು. ಅಂತಾರಾಷ್ಟ್ರೀಯ ಸೂಲಗಿತ್ತಿಯರ ಒಕ್ಕೂಟವು 2010ರಲ್ಲಿ ರೂಪಿಸಿದ ಮಾನದಂಡದ ಪ್ರಕಾರ ನೇರವಾಗಿ ಈ ವೃತ್ತಿಗೆ ಬರುವವರಿಗೆ ಕನಿಷ್ಠ 3 ವರ್ಷ, ಆಗಲೇ ನರ್ಸ್ ಆಗಿರುವವರಿಗೆ ಕನಿಷ್ಠ 18 ತಿಂಗಳು ತರಬೇತಿ ಆಗಬೇಕು. ಚುಚ್ಚುಮದ್ದು ಕೊಡುವುದು, ಹೊಲಿಗೆ ಹಾಕುವುದು, ಉಸಿರಾಡದ ಮಗುವಿಗೆ ಉಸಿರು ಕೊಡುವುದು, ಪ್ರತಿಯೊಂದನ್ನೂ ಹೊತ್ತು ನಮೂದಿಸಿ ಬರೆದಿಡುವುದು ಅವರ ಕೆಲಸದ ಭಾಗ. ಡೂಲಾ ಎಂಬವರು ಬೇರೆ. ಅವರು ಧೈರ್ಯ ತುಂಬುವ ಜೊತೆಗಾರರೇ ಹೊರತು ಹೆರಿಗೆಯ ವೈದ್ಯಕೀಯ ಹೊಣೆ ಹೊತ್ತವರಲ್ಲ.

ಆಸ್ಪತ್ರೆ ಹತ್ತಿರದಲ್ಲೇ ಇರುವಾಗ ಮನೆಯಲ್ಲಿ ಹೆರುವ ಆಸೆ ಯಾಕೆ ಬರುತ್ತದೆ?

ಈ ಆಸೆಯ ಹಿಂದೆ ಇರುವುದು ಹೆಚ್ಚಾಗಿ ಮನೆಯ ಗೋಡೆಗಳಲ್ಲ, ಒಬ್ಬ ವ್ಯಕ್ತಿ. ಬಸುರಿನ ಮೊದಲ ತಿಂಗಳುಗಳಿಂದ ಬಾಣಂತನದ ವಾರಗಳವರೆಗೆ ಒಬ್ಬರೇ, ಅಥವಾ ಪರಿಚಯವಿರುವ ಇಬ್ಬರು ಮೂವರೇ, ನೋಡಿಕೊಳ್ಳುತ್ತಾರೆ ಎಂಬುದು ಹೆಂಗಸರನ್ನು ಎಲ್ಲಕ್ಕಿಂತ ಹೆಚ್ಚು ಸೆಳೆಯುತ್ತದೆ. ಎಂಟನೇ ತಿಂಗಳ ಒಂದು ಭೇಟಿಯನ್ನು ಊಹಿಸಿಕೊಳ್ಳಿ. ಸೂಲಗಿತ್ತಿ ಬಂದು ಕೂತು, ತೋಳಿಗೆ ಪಟ್ಟಿ ಸುತ್ತುವ ಮೊದಲು ನಿದ್ದೆ ಹೇಗಿದೆ, ರಾತ್ರಿ ಎಷ್ಟು ಸಲ ಏಳುತ್ತೀರಿ ಎಂದು ಕೇಳುತ್ತಾರೆ. ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡು ಹೊಟ್ಟೆಯ ಮೇಲಿಟ್ಟು, ಒಂದು ಬದಿಯಲ್ಲಿ ಉದ್ದಕ್ಕೆ ಗಟ್ಟಿಯಾಗಿ ಸಿಗುವ ಮಗುವಿನ ಬೆನ್ನನ್ನು ಹುಡುಕಿ, ತಾಯಿಯ ಕೈಯನ್ನೇ ಅಲ್ಲಿಗೆ ಒಯ್ದು ತೋರಿಸುತ್ತಾರೆ. ಆಮೇಲೆ ಡಾಪ್ಲರ್ ಎಂಬ ಕೈಯಲ್ಲಿ ಹಿಡಿಯುವ ಪುಟ್ಟ ಸಾಧನವನ್ನು ಹಚ್ಚಿ ಮಗುವಿನ ಎದೆಬಡಿತ ಕೇಳಿಸುತ್ತಾರೆ. ಅವಸರವಿಲ್ಲದ ಈ ಭೇಟಿಯಲ್ಲೇ ತಾಯಿ ಮೂರು ವಾರದಿಂದ ಯಾರಿಗೂ ಹೇಳದಿದ್ದ ತಲೆನೋವಿನ ಮಾತನ್ನು ಹೇಳುತ್ತಾಳೆ, ಅಂದರೆ ಆಪ್ತತೆ ಇಲ್ಲಿ ಸುಖ ಕೊಡುವುದಷ್ಟೇ ಅಲ್ಲ, ಕಾಯಿಲೆಯನ್ನು ಬೇಗ ಹಿಡಿದುಕೊಡುವ ದಾರಿಯೂ ಹೌದು.

ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2016ರ ವಿಮರ್ಶೆಯು 15 ಪ್ರಯೋಗಗಳ 17,674 ಹೆಂಗಸರ ವಿವರಗಳನ್ನು ಕೂಡಿಸಿ ನೋಡಿದಾಗ, ಸೂಲಗಿತ್ತಿಯರ ನಿರಂತರ ಆರೈಕೆ ಪಡೆದವರಲ್ಲಿ ದಿನ ತುಂಬದ ಹೆರಿಗೆಯೂ ಉಪಕರಣ ಬಳಸಿ ಮಗುವನ್ನು ಹೊರತೆಗೆಯುವುದೂ ಕಡಿಮೆಯಿತ್ತು. ಅಲ್ಲಿ ಅಳೆದದ್ದು ನಿರಂತರ ಆರೈಕೆಯನ್ನೇ ಹೊರತು ಮನೆ ಹೆರಿಗೆಯನ್ನಲ್ಲ ಎಂಬುದನ್ನೂ ಹೇಳಲೇಬೇಕು.

ಇನ್ನೊಂದು ಕಾರಣ ನೋವಿನದು. ಹಿಂದಿನ ಹೆರಿಗೆಯಲ್ಲಿ ಕೇಳದೆ ಪರೀಕ್ಷೆ ಮಾಡಿದ್ದು, ಗದರಿದ್ದು, ಗಂಟೆಗಟ್ಟಲೆ ಒಂಟಿಯಾಗಿ ಬಿಟ್ಟದ್ದು ಹಲವರ ಮನಸ್ಸಿನಲ್ಲಿ ಮಾಯದೆ ಉಳಿದಿದೆ. ಹೆರಿಗೆ ಕೇಂದ್ರಗಳಲ್ಲಿ ನಡೆಯುವ ಅಗೌರವ ಮತ್ತು ದೌರ್ಜನ್ಯದ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯೇ 2014ರಲ್ಲಿ ಹೇಳಿಕೆ ಹೊರಡಿಸಬೇಕಾಯಿತು. ಇಂಥ ಅನುಭವದಿಂದ ಬಂದವರಿಗೆ ‘ಭಯಪಡಬೇಡಿ’ ಎಂಬ ಉಪದೇಶ ಸಾಲುವುದಿಲ್ಲ.

ಇದು ವೈದ್ಯರನ್ನು ಬೇಡವೆನ್ನುವವರ ದಾರಿಯಲ್ಲವೇ?

ಅಲ್ಲ. ವೈದ್ಯರ ಬೆಂಬಲವಿಲ್ಲದ ಮನೆ ಹೆರಿಗೆಯನ್ನು ಒಳ್ಳೆಯ ಸೂಲಗಿತ್ತಿಯರೇ ಒಪ್ಪುವುದಿಲ್ಲ. ಯಾರ ನೆರವೂ ಇಲ್ಲದೆ ಒಬ್ಬಳೇ ಹೆರುವುದು ಬೇರೆಯೇ ವಿಷಯ, ಮತ್ತು ಅದನ್ನು ಈ ಬರಹ ಸಮರ್ಥಿಸುವುದಿಲ್ಲ.

ನಾನು ಮನೆಯಲ್ಲಿ ಹೆರಬಹುದೇ? ಯಾರಿಗೆ ಆಗದು?

ಒಂದೇ ಮಗು, ತಲೆ ಕೆಳಗಿದ್ದು, 37 ವಾರ ತುಂಬಿ 42 ದಾಟದೆ, ತಾನಾಗಿಯೇ ಬೇನೆ ಶುರುವಾಗಿ, ತಾಯಿ ಆರೋಗ್ಯವಾಗಿದ್ದರೆ ಮಾತ್ರ ಈ ಮಾತು ಮುಂದುವರಿಯುತ್ತದೆ. ಅವಳಿ ಮಕ್ಕಳು, ಕಾಲು ಅಥವಾ ಪೃಷ್ಠ ಕೆಳಗಾಗಿರುವ ಮಗು, ಗರ್ಭಕೋಶದ ಬಾಯಿಗೆ ಅಡ್ಡವಾಗಿರುವ ಮಾಸು, 140/90ಕ್ಕೆ ಮುಟ್ಟಿದ ಅಥವಾ ಅದನ್ನು ಮೀರಿದ ರಕ್ತದೊತ್ತಡ, ಇನ್ಸುಲಿನ್ ಬೇಕಾಗಿರುವ ಸಕ್ಕರೆ ಕಾಯಿಲೆ, ಹೃದ್ರೋಗ, ಹಿಂದಿನ ಹೆರಿಗೆಯಲ್ಲಿ ಆದ ಭಾರೀ ರಕ್ತಸ್ರಾವ ಇವುಗಳಲ್ಲಿ ಯಾವುದಿದ್ದರೂ ಆಸ್ಪತ್ರೆಯೇ ಸರಿಯಾದ ಜಾಗ. ರಕ್ತಹೀನತೆಯನ್ನು ಹಲವರು ಹಗುರವಾಗಿ ಕಾಣುತ್ತಾರೆ, ಆದರೆ ಮೊದಲೇ ರಕ್ತ ಕಡಿಮೆಯಿರುವ ದೇಹಕ್ಕೆ ಸಾಧಾರಣ ಸ್ರಾವವೂ ಅಪಾಯಕಾರಿಯಾಗಬಲ್ಲದು. ಹಿಮೋಗ್ಲೋಬಿನ್ 8.5 ಗ್ರಾಂಗಿಂತ ಕೆಳಗಿದ್ದರೆ ಬ್ರಿಟನ್ನಿನ ಮಾರ್ಗಸೂಚಿ ಆಸ್ಪತ್ರೆಯ ಹೆರಿಗೆಯನ್ನೇ ಸೂಚಿಸುತ್ತದೆ.

ಈ ಪಟ್ಟಿಯನ್ನು ಒಮ್ಮೆ ನೋಡಿ ಮುಗಿಸುವಂತಿಲ್ಲ. ಏಳನೇ ತಿಂಗಳಲ್ಲಿ ಸರಿಯಾಗಿದ್ದದ್ದು ಒಂಬತ್ತರಲ್ಲಿ ಕೆಡಬಹುದು, ಬೇನೆಯ ನಡುವೆಯೂ ಕೆಡಬಹುದು. ಆದ್ದರಿಂದ ‘ನಿಮಗೆ ಮನೆಯಲ್ಲೇ ಆಗುತ್ತದೆ’ ಎಂದು ಮೂರನೇ ತಿಂಗಳಲ್ಲಿ ಮಾತು ಕೊಡುವವರನ್ನು ನಂಬಬೇಡಿ.

## ನಂಬಿಕೆ, ತಯಾರಿ, ಮನೆಯವರು

ಸೂಲಗಿತ್ತಿ ಮಾತಾಡಿದರೆ ಮನಸ್ಸಿಗೆ ತುಂಬ ಸಮಾಧಾನವಾಗುತ್ತದೆ. ನಂಬಲು ಅಷ್ಟು ಸಾಲದೇ?

ಸಾಲದು. ಹಾಗೆಂದು ಆ ಸಮಾಧಾನಕ್ಕೆ ಬೆಲೆಯಿಲ್ಲವೆಂದಲ್ಲ, ಭಯವಿಲ್ಲದ ತಾಯಿ ಬೇನೆಯನ್ನು ಸಲೀಸಾಗಿ ಎದುರಿಸುತ್ತಾಳೆ. ಆದರೆ ಮೃದುವಾದ ಮಾತು ಎಲ್ಲರಿಗೂ ಬರಬಹುದು, ಇಷ್ಟವಾಗದ ಮಾತನ್ನು ಸರಿಯಾದ ಹೊತ್ತಿಗೆ ಹೇಳುವುದು ಎಲ್ಲರಿಗೂ ಬರುವುದಿಲ್ಲ. ನನ್ನ ದೃಷ್ಟಿಯಲ್ಲಿ ಸೂಲಗಿತ್ತಿಯನ್ನು ನಂಬಲು ಮುಖ್ಯ ಆಧಾರ ಇದೇ: ಅವರು ಎಂದಾದರೂ ಯಾರಿಗಾದರೂ ‘ನಿಮ್ಮ ಹೆರಿಗೆಗೆ ನಾನು ಮನೆಗೆ ಬರಲಾರೆ’ ಎಂದಿದ್ದಾರೆಯೇ? ಎಂದಿದ್ದರೆ, ಯಾಕೆ ಎಂದು ಬಿಡಿಸಿ ಹೇಳಬಲ್ಲರೇ?

‘ದೇಹಕ್ಕೆ ಎಲ್ಲ ಗೊತ್ತು, ಏನೂ ಆಗುವುದಿಲ್ಲ’ ಎಂದು ಪ್ರತಿ ಪ್ರಶ್ನೆಗೂ ಒಂದೇ ಉತ್ತರ ಕೊಡುವವರು, ಸ್ಕ್ಯಾನ್ ಮತ್ತು ರಕ್ತಪರೀಕ್ಷೆಗಳನ್ನು ಬೇಡವೆನ್ನುವವರು, ದಾಖಲೆ ಇಡದವರು, ಹಿಂದೆ ಕೆಟ್ಟದ್ದಾದಾಗ ತಾಯಿ ಧೈರ್ಯಗೆಟ್ಟದ್ದೇ ಕಾರಣವೆಂದು ಹೇಳುವವರು ಎಷ್ಟೇ ಅಕ್ಕರೆ ತೋರಿದರೂ ಅವರಿಂದ ದೂರವಿರುವುದೇ ಒಳ್ಳೆಯದು.

ಮೊದಲ ಭೇಟಿಯಲ್ಲಿ ಏನು ಕೇಳಬೇಕು? ಕೇಳಿದರೆ ಬೇಸರ ಮಾಡಿಕೊಳ್ಳುವುದಿಲ್ಲವೇ?

ಬೇಸರ ಮಾಡಿಕೊಂಡರೆ ನಿಮಗೆ ಉತ್ತರ ಸಿಕ್ಕಿತೆಂದೇ ತಿಳಿಯಿರಿ. ಪರವಾನಗಿ ಎಲ್ಲಿಯದು, ಈವರೆಗೆ ಎಷ್ಟು ಹೆರಿಗೆಗಳ ಹೊಣೆ ಹೊತ್ತಿದ್ದೀರಿ, ಅವರಲ್ಲಿ ಎಷ್ಟು ಮಂದಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು, ಮಗುವಿಗೆ ಉಸಿರು ಕೊಡುವ ಅಭ್ಯಾಸವನ್ನು ಕೊನೆಯ ಬಾರಿ ಯಾವಾಗ ಮಾಡಿದಿರಿ, ಅದೇ ದಿನ ಇನ್ನೊಬ್ಬರಿಗೂ ಬೇನೆ ಬಂದರೆ ನನ್ನ ಬಳಿಗೆ ಯಾರು ಬರುತ್ತಾರೆ, ಯಾವ ಆಸ್ಪತ್ರೆಯ ಯಾವ ವೈದ್ಯರಿಗೆ ಕರೆ ಮಾಡುತ್ತೀರಿ ಎಂದು ಕೇಳಿ. ಆಸ್ಪತ್ರೆಗೆ ಒಬ್ಬರನ್ನೂ ಕರೆದೊಯ್ದಿಲ್ಲ ಎಂಬ ಉತ್ತರ ಹೆಮ್ಮೆಯ ಮಾತಿನಂತೆ ಕೇಳಿಸಬಹುದು. ಬಹಳ ಹೆರಿಗೆ ಮಾಡಿಸಿದವರು ಹಾಗೆಂದರೆ ನಾನಂತೂ ಅಲ್ಲಿಂದ ಎದ್ದು ಬರುತ್ತೇನೆ.

ಒಬ್ಬರೇ ಸೂಲಗಿತ್ತಿ ಬಂದರೆ ಸಾಕಲ್ಲವೇ?

ಮಗು ಹೊರಬರುವ ಹೊತ್ತಿಗೆ ತರಬೇತಾದವರು ಇಬ್ಬರಿರಬೇಕು. ಆಗ ನೋಡಿಕೊಳ್ಳಬೇಕಾದ ಜೀವಗಳು ಎರಡು, ಮತ್ತು ಎರಡಕ್ಕೂ ಒಂದೇ ನಿಮಿಷದಲ್ಲಿ ನೆರವು ಬೇಕಾಗಬಹುದು.

ನೋವು ತಡೆಯಲಾಗದಿದ್ದರೆ ಮನೆಯಲ್ಲಿ ಏನು ಮಾಡುತ್ತಾರೆ?

ಓಡಾಡುವುದು, ಮಂಡಿಯೂರಿ ಮುಂದಕ್ಕೆ ಬಾಗುವುದು, ಸೊಂಟದ ಕೆಳಭಾಗವನ್ನು ಅಂಗೈಯಿಂದ ಒತ್ತಿ ಹಿಡಿಯುವುದು, ಬೆಚ್ಚಗಿನ ನೀರಿನಲ್ಲಿ ಕೂರುವುದು ಇವು ಬಹಳ ಮಂದಿಗೆ ನಿಜವಾಗಿಯೂ ನೆರವಾಗುತ್ತವೆ. ಕೆಲವು ದೇಶಗಳಲ್ಲಿ ಸೂಲಗಿತ್ತಿಯರು ನೋವು ತಗ್ಗಿಸಲು ಉಸಿರಿನಲ್ಲಿ ಎಳೆದುಕೊಳ್ಳುವ ನೈಟ್ರಸ್ ಆಕ್ಸೈಡ್ ಅನಿಲವನ್ನೂ ತರುತ್ತಾರೆ. ಬೆನ್ನಿಗೆ ಔಷಧ ಕೊಟ್ಟು ನೋವು ತಗ್ಗಿಸುವ ಎಪಿಡ್ಯೂರಲ್ ಮಾತ್ರ ಆಸ್ಪತ್ರೆಯಲ್ಲೇ ಸಿಗುವಂಥದ್ದು. ಅದು ಬೇಕೆನಿಸಿದರೆ ಹೊರಡಲು ಅಷ್ಟು ಕಾರಣ ಸಾಕು. ಬೇರೆ ತೊಡಕೇನೂ ಇರಬೇಕಾಗಿಲ್ಲ, ಯಾರ ಒಪ್ಪಿಗೆಯನ್ನೂ ಬೇಡಬೇಕಾಗಿಲ್ಲ.

ನನ್ನ ಗಂಡನಿಗೂ ಅಮ್ಮನಿಗೂ ಭಯ. ಅವರನ್ನು ಒಪ್ಪಿಸುವುದು ಹೇಗೆ?

ಒಪ್ಪಿಸಲು ಹೊರಡುವ ಮೊದಲು ಅವರ ಭಯ ಯಾವುದೆಂದು ಕೇಳಿ. ‘ಏನಾದರೂ ಆದರೆ’ ಎಂಬ ಮಾತಿನ ಹಿಂದೆ ಸಾಮಾನ್ಯವಾಗಿ ಒಂದು ಸ್ಪಷ್ಟವಾದ ಚಿತ್ರವಿರುತ್ತದೆ: ಯಾರದೋ ಬಸುರಿನಲ್ಲಿ ಅಮ್ಮ ಕಂಡ ಸಾವು, ತಮ್ಮ ಹೆರಿಗೆಯಲ್ಲಿ ಹರಿದ ರಕ್ತ. ಅವರನ್ನು ಸೂಲಗಿತ್ತಿಯ ಎದುರು ಕೂರಿಸಿ, ನೀವು ನಡುವೆ ಬಾರದೆ ಅವರೇ ಪ್ರಶ್ನೆ ಕೇಳಲು ಬಿಡಿ. ಗಂಡ ಆ ರಾತ್ರಿ ಕಾರು ಓಡಿಸಬೇಕಾದವನು, ಫೋನ್ ಮಾಡಬೇಕಾದವನು. ಅವನಿಗೆ ಯೋಜನೆಯ ವಿವರ ಗೊತ್ತಿಲ್ಲದಿದ್ದರೆ ಯೋಜನೆಯೇ ಇಲ್ಲದಂತೆ. ಎಲ್ಲ ಕೇಳಿದ ಮೇಲೂ ಅವನ ಭಯ ಹೋಗದಿದ್ದರೆ ಅದನ್ನು ಹಟವೆಂದು ತಳ್ಳಿಹಾಕಬಾರದು, ಏಕೆಂದರೆ ಹೆದರಿ ನಡುಗುವವರ ನಡುವೆ ಬೇನೆ ತಿನ್ನುವುದು ಸುಲಭವಲ್ಲ.

ಡಾಕ್ಟರಿಗೆ ಹೇಳಿದರೆ ಬೈಯುತ್ತಾರೆ. ಹೇಳದೆ ಇದ್ದರೆ ಆಗದೇ?

ದಯವಿಟ್ಟು ಹಾಗೆ ಮಾಡಬೇಡಿ. ಈ ಇಡೀ ವಿಷಯದಲ್ಲಿ ನನಗೆ ಅತಿ ಹೆಚ್ಚು ಆತಂಕ ತರುವುದು ಮುಚ್ಚಿಟ್ಟ ಯೋಜನೆ. ಮನೆ ಹೆರಿಗೆ ಸುರಕ್ಷಿತವಾಗಿ ನಡೆದ ಕಡೆಗಳಲ್ಲೆಲ್ಲ ಸೂಲಗಿತ್ತಿಗೂ ಆಸ್ಪತ್ರೆಗೂ ನಡುವೆ ಬಾಗಿಲು ತೆರೆದಿತ್ತು. ವೈದ್ಯರು ಬೈದರೂ ಬೈಯಲಿ, ನಿಮ್ಮ ರಕ್ತದ ಗುಂಪು, ಸ್ಕ್ಯಾನ್ ವರದಿ, ಔಷಧಗಳ ಅಲರ್ಜಿ ಅವರ ಕಡತದಲ್ಲಿರಲಿ, ನಿಮ್ಮ ಹೆಸರು ಆ ಆಸ್ಪತ್ರೆಯಲ್ಲಿ ನೋಂದಣಿಯಾಗಿರಲಿ. ಮಾತಾಡಲೂ ಸಾಧ್ಯವಿಲ್ಲದಷ್ಟು ವಿರೋಧವಿದ್ದರೆ ಬೇರೆ ವೈದ್ಯರನ್ನು ಹುಡುಕಿ.

## ಅಪಾಯದ ಪ್ರಶ್ನೆಗಳು

ಒಬ್ಬರು ಸುರಕ್ಷಿತ ಎನ್ನುತ್ತಾರೆ, ಇನ್ನೊಬ್ಬರು ಅಪಾಯ ಎನ್ನುತ್ತಾರೆ. ಸಂಶೋಧನೆ ನಿಜಕ್ಕೂ ಏನು ಹೇಳುತ್ತದೆ?

ಎರಡೂ ಮಾತಿಗೆ ಆಧಾರವಿದೆ. ಎಲ್ಲಿ, ಯಾರನ್ನು, ಯಾವ ವ್ಯವಸ್ಥೆಯಲ್ಲಿ ಅಧ್ಯಯನ ಮಾಡಿದರು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ಇಂಗ್ಲೆಂಡಿನಲ್ಲಿ 2011ರಲ್ಲಿ ಪ್ರಕಟವಾದ ಅಧ್ಯಯನವು ಕಡಿಮೆ ಅಪಾಯದ ಸುಮಾರು 64,500 ಹೆರಿಗೆಗಳನ್ನು ನೋಡಿತು. ಮೊದಲೇ ಹೆತ್ತವರಲ್ಲಿ ಮನೆಗೂ ಆಸ್ಪತ್ರೆಗೂ ಮಗುವಿನ ಮಟ್ಟಿಗೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಚೊಚ್ಚಲು ಹೆರಿಗೆಯಲ್ಲಿ ಮಾತ್ರ, ಮಗುವಿನ ಸಾವು ಮತ್ತು ಗಂಭೀರ ತೊಂದರೆಗಳನ್ನು ಒಟ್ಟಿಗೆ ಎಣಿಸಿದಾಗ, ಆಸ್ಪತ್ರೆಯಲ್ಲಿ ಸಾವಿರಕ್ಕೆ 5.3 ಇದ್ದದ್ದು ಮನೆಯಲ್ಲಿ ಸಾವಿರಕ್ಕೆ 9.3 ಇತ್ತು. ನೆದರ್ಲೆಂಡ್ಸ್‌ನಲ್ಲಿ 2009ರಲ್ಲಿ ಪ್ರಕಟವಾದ, ಐದು ಲಕ್ಷಕ್ಕೂ ಹೆಚ್ಚು ಕಡಿಮೆ ಅಪಾಯದ ಹೆಂಗಸರ ಅಧ್ಯಯನದಲ್ಲಿ ಮನೆಗೂ ಆಸ್ಪತ್ರೆಗೂ ವ್ಯತ್ಯಾಸ ಸಿಗಲಿಲ್ಲ. ಆದರೆ ಅಮೆರಿಕದ ಆರೆಗಾನ್ ರಾಜ್ಯದಲ್ಲಿ 2015ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ಆಸ್ಪತ್ರೆಯ ಹೊರಗೆ ಹೆರಲು ಯೋಜಿಸಿದವರ ಶಿಶುಮರಣ ಸಾವಿರಕ್ಕೆ 3.9, ಆಸ್ಪತ್ರೆಯಲ್ಲಿ 1.8. ಅದೇ ಲೆಕ್ಕದಲ್ಲಿ ಸಿಸೇರಿಯನ್ ಪ್ರಮಾಣ ಹೊರಗೆ ನೂರಕ್ಕೆ 5.3, ಆಸ್ಪತ್ರೆಯಲ್ಲಿ 24.7.

ನೆದರ್ಲೆಂಡ್ಸ್‌ನಲ್ಲಿ ಸೂಲಗಿತ್ತಿಯರ ತರಬೇತಿ ಒಂದೇ ಮಟ್ಟದ್ದು, ಯಾರನ್ನು ಯಾವಾಗ ಆಸ್ಪತ್ರೆಗೆ ಕಳಿಸಬೇಕೆಂಬ ಒಪ್ಪಿತ ಪಟ್ಟಿಯಿದೆ, ಕಳಿಸಿದಾಗ ಅಲ್ಲಿ ಒಳಗೆ ಸೇರಿಸಿಕೊಳ್ಳುತ್ತಾರೆ. ಅಮೆರಿಕದಲ್ಲಿ ರಾಜ್ಯದಿಂದ ರಾಜ್ಯಕ್ಕೆ ಪರವಾನಗಿಯ ನಿಯಮವೇ ಬೇರೆ. ಸುಮಾರು ಐದು ಲಕ್ಷ ಮನೆ ಹೆರಿಗೆಗಳನ್ನು ಒಳಗೊಂಡ 2019ರ ವಿಮರ್ಶೆಯೂ ಇದನ್ನೇ ಸೂಚಿಸಿತು: ಸೂಲಗಿತ್ತಿಯರು ಆರೋಗ್ಯ ವ್ಯವಸ್ಥೆಯೊಳಗೆ ಚೆನ್ನಾಗಿ ಬೆಸೆದಿರುವ ಕಡೆ ಕಡಿಮೆ ಅಪಾಯದವರಲ್ಲಿ ಶಿಶುಮರಣ ಹೆಚ್ಚಿರಲಿಲ್ಲ. ಆದ್ದರಿಂದ ಬೇರೆ ದೇಶದ ಒಳ್ಳೆಯ ಅಂಕಿಯನ್ನು ನಿಮ್ಮದೆಂದು ಎತ್ತಿಕೊಳ್ಳುವ ಮೊದಲು, ಆ ದೇಶದ ಆಂಬುಲೆನ್ಸ್, ಪರವಾನಗಿ, ಆಸ್ಪತ್ರೆಯ ಸಹಕಾರ ನಿಮಗೂ ಸಿಗುತ್ತದೆಯೇ ಎಂದು ನೋಡಬೇಕು.

ಹೆರಿಗೆಯಾದ ಮೇಲೆ ರಕ್ತ ನಿಲ್ಲದಿದ್ದರೆ?

ಮಗು ಎದೆಯ ಮೇಲೆ ಮಲಗಿ ಎಲ್ಲರೂ ಅದರ ಮುಖ ನೋಡುತ್ತಿರುವಾಗ ಸೂಲಗಿತ್ತಿಯ ಒಂದು ಕೈ ಮತ್ತೆ ಮತ್ತೆ ತಾಯಿಯ ಹೊಕ್ಕುಳಿನ ಬಳಿ ಹೋಗುತ್ತದೆ. ಅಲ್ಲಿ ಗರ್ಭಕೋಶ ಗಟ್ಟಿ ಉಂಡೆಯಾಗಿ ಸಿಕ್ಕರೆ ಅದು ಕುಗ್ಗಿ ರಕ್ತನಾಳಗಳನ್ನು ಹಿಂಡಿ ಮುಚ್ಚುತ್ತಿದೆ ಎಂದರ್ಥ. ಮೆತ್ತಗಿದ್ದರೆ ತಕ್ಷಣ ಉಜ್ಜಿ ಗಟ್ಟಿಯಾಗಿಸುತ್ತಾರೆ, ಮೂತ್ರಕೋಶ ಖಾಲಿ ಮಾಡಿಸುತ್ತಾರೆ, ಮಾಸು ಪೂರ್ತಿ ಬಂದಿದೆಯೇ ಎಂದು ಹರಡಿ ನೋಡುತ್ತಾರೆ. ಗರ್ಭಕೋಶವನ್ನು ಕುಗ್ಗಿಸುವ ಆಕ್ಸಿಟೋಸಿನ್ 10 ಯೂನಿಟ್ ಚುಚ್ಚುಮದ್ದನ್ನು ಮಗು ಹುಟ್ಟಿದ ಕೂಡಲೇ, ಸ್ರಾವವನ್ನು ತಡೆಯಲೆಂದೇ ಕೊಡುವುದು ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು. ಹೋದ ರಕ್ತವನ್ನು ಕಣ್ಣಂದಾಜಿನಲ್ಲಿ ಅಳೆದರೆ ಬಹುಪಾಲು ಕಡಿಮೆಯೇ ಅನಿಸುತ್ತದೆ. ಆದ್ದರಿಂದ ನೆನೆದ ಬಟ್ಟೆಗಳನ್ನು ತೂಗಿ ಒಣ ಬಟ್ಟೆಯ ತೂಕ ಕಳೆಯುತ್ತಾರೆ, ಒಂದು ಗ್ರಾಂಗೆ ಸುಮಾರು ಒಂದು ಮಿಲಿಲೀಟರ್. 500 ಮಿ.ಲೀ. ತಲುಪಿದರೆ ಅದು ಅತಿಸ್ರಾವ.

ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಔಷಧವನ್ನು ಹೆರಿಗೆಯಾದ 3 ಗಂಟೆಯೊಳಗೆ ಕೊಟ್ಟರೆ ರಕ್ತಸ್ರಾವದ ಸಾವು ಕಡಿಮೆಯಾಗುತ್ತದೆಂದು 2017ರ ದೊಡ್ಡ ಪ್ರಯೋಗವೊಂದು ತೋರಿಸಿದೆ. ನಿಮ್ಮ ಸೂಲಗಿತ್ತಿಯ ಚೀಲದಲ್ಲಿ ಅದಿದೆಯೇ ಎಂದು ಕೇಳಿ. ಆದರೆ ಮನೆಯಲ್ಲಿ ರಕ್ತವಿಲ್ಲ, ಶಸ್ತ್ರಕ್ರಿಯೆಯ ಕೋಣೆಯಿಲ್ಲ. ಸ್ರಾವ ನಿಲ್ಲದಿದ್ದರೆ ಮೊದಲ ಔಷಧ ಕೊಡುತ್ತಿರುವಾಗಲೇ ಆಂಬುಲೆನ್ಸ್‌ಗೆ ಕರೆ ಹೋಗಿರಬೇಕು.

ಮಗು ಅಳದಿದ್ದರೆ, ಉಸಿರಾಡದಿದ್ದರೆ?

ಒರೆಸಿ ಬೆಚ್ಚಗಿಟ್ಟು ಬೆನ್ನು ಉಜ್ಜಿದ ಮೇಲೂ ಉಸಿರು ಬಾರದಿದ್ದರೆ ಮೊದಲ ನಿಮಿಷದೊಳಗೆ ಮಾಸ್ಕ್ ಹಾಗೂ ಚೀಲದಿಂದ ಗಾಳಿ ಕೊಡಲು ಶುರುಮಾಡುತ್ತಾರೆ. ಹೀಗೆ ನೆರವು ಬೇಕಾದ ಬಹುತೇಕ ಮಕ್ಕಳು ಇಷ್ಟಕ್ಕೇ ಉಸಿರು ಹಿಡಿಯುತ್ತವೆ. ಅದಕ್ಕಾಗಿಯೇ ಬೇನೆ ಬಲವಾಗುವ ಮೊದಲೇ ಗಟ್ಟಿಯಾದ ಸಮತಟ್ಟು ಜಾಗ, ಬೆಚ್ಚಗಿನ ಬಟ್ಟೆ, ಚೆನ್ನಾದ ಬೆಳಕು ಸಿದ್ಧವಾಗಿರಬೇಕು. ಮಿದುಳಿಗೆ ಆಮ್ಲಜನಕ ಕಡಿಮೆಯಾದ ಮಗುವಿಗೆ ಕೊಡುವ, ಮೈಯ ಬಿಸಿಯನ್ನು ಬೇಕೆಂದೇ ತಗ್ಗಿಸಿಡುವ ತಂಪು ಚಿಕಿತ್ಸೆಯನ್ನು ಹುಟ್ಟಿದ 6 ಗಂಟೆಯೊಳಗೆ ಆರಂಭಿಸಬೇಕಾಗುತ್ತದೆ, ಹಾಗಾಗಿ ಚೇತರಿಸಿಕೊಂಡಂತೆ ಕಂಡರೂ ಅಂಥ ಮಗುವನ್ನು ಮನೆಯಲ್ಲೇ ಇರಿಸಿಕೊಳ್ಳಬಾರದು.

ನಡುವೆ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಎಲ್ಲ ಸೋತಂತೆಯೇ ಅಲ್ಲವೇ?

ಹಾಗೆ ಅನಿಸುವುದು ಸಹಜ, ಆದರೆ ಆ ಭಾವನೆಯೇ ಅಪಾಯ ತರಬಲ್ಲದು. ಮೇಲೆ ಹೇಳಿದ ಇಂಗ್ಲೆಂಡಿನ ಅಧ್ಯಯನದಲ್ಲಿ ಮನೆಯಲ್ಲಿ ಹೆರಲು ಯೋಜಿಸಿದ ಚೊಚ್ಚಲು ತಾಯಂದಿರಲ್ಲಿ ನೂರಕ್ಕೆ 45 ಮಂದಿ, ಮೊದಲೇ ಹೆತ್ತವರಲ್ಲಿ ನೂರಕ್ಕೆ 12 ಮಂದಿ ಬೇನೆಯ ನಡುವೆ ಅಥವಾ ಹೆರಿಗೆಯಾದೊಡನೆ ಆಸ್ಪತ್ರೆಗೆ ಹೋದರು. ಹೆಚ್ಚಿನವರು ಹೋದದ್ದು ತುರ್ತಿಗಾಗಿ ಅಲ್ಲ; ಬೇನೆ ಮುಂದುವರಿಯಲಿಲ್ಲ, ನೋವಿಗೆ ಔಷಧ ಬೇಕಾಯಿತು ಎಂಬಂಥ ಕಾರಣಗಳಿಗೆ. ಚೊಚ್ಚಲು ಹೆರಿಗೆಯಾದರೆ ಹೋಗುವ ಸಾಧ್ಯತೆ ಅರ್ಧದಷ್ಟೆಂದೇ ತಿಳಿದು ಚೀಲ ಕಟ್ಟಿಡಿ.

ದೂರವನ್ನು ಕಿಲೋಮೀಟರಿನಲ್ಲಿ ಎಣಿಸಬೇಡಿ. ವಾಹನ ಮನೆಗೆ ಬರುವ ಹೊತ್ತು, ಮೆಟ್ಟಿಲಿಳಿಸುವ ಹೊತ್ತು, ಆಸ್ಪತ್ರೆಯ ಬಾಗಿಲಿನಿಂದ ಶಸ್ತ್ರಕ್ರಿಯೆಯ ಕೋಣೆಯವರೆಗಿನ ಹೊತ್ತು, ಎಲ್ಲವನ್ನೂ ಕೂಡಿಸಿ ನೋಡಿ. ಸೂಲಗಿತ್ತಿ ನಿಮ್ಮ ಜೊತೆಗೇ ಬಂದು, ಬರೆದಿಟ್ಟ ದಾಖಲೆಯನ್ನು ವೈದ್ಯರ ಕೈಗಿತ್ತು, ಆದದ್ದನ್ನು ಹೇಳಬೇಕು. ನಿಮ್ಮನ್ನು ಬಾಗಿಲಲ್ಲಿ ಬಿಟ್ಟು ಮರೆಯಾಗುವವರು ನಂಬಿಕೆಗೆ ಅರ್ಹರಲ್ಲ.

## ಇನ್ನಷ್ಟು ಆಳಕ್ಕೆ

ಯಂತ್ರ ಹಾಕದೆ ಮಗುವಿನ ಎದೆಬಡಿತ ಸರಿಯಿದೆಯೆಂದು ಹೇಗೆ ಗೊತ್ತಾಗುತ್ತದೆ?

ಬೇನೆ ಬಲವಾದ ಮೇಲೆ ಕನಿಷ್ಠ 15 ನಿಮಿಷಕ್ಕೊಮ್ಮೆ, ಮುಕ್ಕುವ ಹಂತದಲ್ಲಿ 5 ನಿಮಿಷಕ್ಕೊಮ್ಮೆ, ಬೇನೆಯ ಅಲೆ ಇಳಿದ ಕೂಡಲೇ ಪೂರ್ತಿ ಒಂದು ನಿಮಿಷ ಡಾಪ್ಲರಿನಿಂದ ಕೇಳುತ್ತಾರೆ. ಸಾಮಾನ್ಯವಾಗಿ ನಿಮಿಷಕ್ಕೆ 110ರಿಂದ 160 ಇರಬೇಕು. ಎಣಿಕೆಯಷ್ಟೇ ಮುಖ್ಯವಾದದ್ದು ಅಲೆಯ ನಂತರ ಬಡಿತ ಬಿದ್ದು ಮೇಲೇಳಲು ತಡಮಾಡುತ್ತಿದೆಯೇ ಎಂಬುದು. 2017ರ ಕಾಕ್ರೇನ್ ವಿಮರ್ಶೆಯ ಪ್ರಕಾರ ಯಂತ್ರದ ನಿರಂತರ ನಿಗಾದಿಂದ ನವಜಾತ ಶಿಶುಗಳ ಫಿಟ್ಸ್ ಅರ್ಧದಷ್ಟಾಯಿತು, ಆದರೆ ಶಿಶುಮರಣ ಇಳಿಯಲಿಲ್ಲ, ಸಿಸೇರಿಯನ್ ಹೆಚ್ಚಿತು. ಎರಡೂ ವಿಧಾನಗಳಿಗೆ ಲಾಭನಷ್ಟಗಳಿವೆ, ಮತ್ತು ನಡುವೆ ಬಿಟ್ಟು ಕೇಳುವ ವಿಧಾನ ಕೆಲಸ ಮಾಡಬೇಕಾದರೆ ಕೇಳುವವರು ಕೋಣೆ ಬಿಟ್ಟು ಕದಲಬಾರದು.

ಮೊದಲನೆಯದು ಸಿಸೇರಿಯನ್. ಎರಡನೆಯದು ಮನೆಯಲ್ಲಿ ಸಹಜವಾಗಿ ಆಗಬಹುದೇ?

ಸಹಜ ಹೆರಿಗೆ ಹಲವರಿಗೆ ಸಾಧ್ಯ, ಮನೆಯಲ್ಲಿ ಬೇಡವೆಂಬುದೇ ನನ್ನ ಅಭಿಪ್ರಾಯ. ಹಿಂದಿನ ಗಾಯದ ಜಾಗದಲ್ಲಿ ಗರ್ಭಕೋಶ ಬಿರಿಯುವ ಸಾಧ್ಯತೆ ಸುಮಾರು 200ರಲ್ಲಿ ಒಬ್ಬರಿಗೆ. ಅದು ಚಿಕ್ಕ ಸಂಖ್ಯೆ, ಆದರೆ ಬಿರಿದಾಗ ಮಗುವನ್ನು ಉಳಿಸಲು ಸಿಗುವುದು ನಿಮಿಷಗಳು ಮಾತ್ರ.

ಸೂಲಗಿತ್ತಿ ಆಸ್ಪತ್ರೆಗೆ ಹೋಗೋಣ ಎಂದಾಗ ನಾನು ಒಲ್ಲೆ ಎನ್ನಬಹುದೇ?

ನಿಮ್ಮ ದೇಹದ ವಿಷಯದಲ್ಲಿ ಕೊನೆಯ ಮಾತು ನಿಮ್ಮದೇ. ಆದರೆ ಈ ಸಂದರ್ಭವನ್ನು ಬೇನೆಯ ನಡುವೆ ಮೊದಲ ಬಾರಿಗೆ ಎದುರಿಸುವಂತಾಗಬಾರದು. ಮಗುವಿನ ಬಡಿತ ಬಿದ್ದರೆ, ನೀರು ಹಸಿರಾಗಿ ಹೋದರೆ, ಜ್ವರ ಬಂದರೆ ಯಾವ ಪ್ರಶ್ನೆಯೂ ಇಲ್ಲದೆ ಹೊರಡುತ್ತೇವೆ ಎಂದು ಎಂಟನೇ ತಿಂಗಳಲ್ಲೇ ಇಬ್ಬರೂ ಕೂತು ಬರೆದಿಟ್ಟುಕೊಳ್ಳಿ. ತಿಂಗಳುಗಟ್ಟಲೆ ನಿಮ್ಮನ್ನು ಬಲ್ಲವರು, ಮನೆಯಲ್ಲೇ ಆಗಲೆಂದು ನಿಮ್ಮಷ್ಟೇ ಆಸೆಪಟ್ಟವರು ‘ಏಳಿ, ಹೊರಡೋಣ’ ಎಂದರೆ ಆ ಮಾತಿಗೆ ತೂಕವಿದೆ.

ನಾನಿರುವ ಕಡೆ ಇಂಥ ಸೂಲಗಿತ್ತಿ ಸಿಗುವುದೇ ಇಲ್ಲ. ಏನು ಮಾಡಲಿ?

ಹಾಗಿದ್ದರೆ ಮನೆ ಹೆರಿಗೆಯನ್ನು ಬಿಡಿ, ಆದರೆ ನೀವು ಬಯಸಿದ್ದನ್ನೆಲ್ಲ ಬಿಡಬೇಕಾಗಿಲ್ಲ. ಸೂಲಗಿತ್ತಿಯರೇ ನಡೆಸುವ ಹೆರಿಗೆ ಘಟಕಗಳು ಕೆಲವು ಆಸ್ಪತ್ರೆಗಳಲ್ಲಿವೆ, ವಿಚಾರಿಸಿ ನೋಡಿ. ಅವೂ ಇಲ್ಲದಿದ್ದರೆ ನಿಮ್ಮ ಆಯ್ಕೆಯ ಒಬ್ಬರು ಬೇನೆಯುದ್ದಕ್ಕೂ ಜೊತೆಗಿರಲು ಬಿಡುತ್ತಾರೆಯೇ, ಓಡಾಡಲು ಮತ್ತು ನಿಮಗೆ ಬೇಕಾದ ಭಂಗಿಯಲ್ಲಿ ಹೆರಲು ಅವಕಾಶವಿದೆಯೇ, ಪ್ರತಿ ಪರೀಕ್ಷೆಗೂ ಮುನ್ನ ಒಪ್ಪಿಗೆ ಕೇಳುತ್ತಾರೆಯೇ, ಮಗುವನ್ನು ಕೂಡಲೇ ಎದೆಗೆ ಕೊಡುತ್ತಾರೆಯೇ, ಹೊಕ್ಕುಳಬಳ್ಳಿ ಕತ್ತರಿಸುವ ಮೊದಲು ಒಂದರಿಂದ ಮೂರು ನಿಮಿಷ ಕಾಯುತ್ತಾರೆಯೇ ಎಂದು ಮುಂಚಿತವಾಗಿ ಕೇಳಿ. ವಿಶ್ವ ಆರೋಗ್ಯ ಸಂಸ್ಥೆ ಇವೆಲ್ಲವನ್ನೂ ಶಿಫಾರಸು ಮಾಡಿದೆ. ಬೇನೆ ನಿಧಾನವೆಂದು ಅವಸರ ಮಾಡಿದರೆ, ಗರ್ಭಕೋಶದ ಬಾಯಿ 5 ಸೆಂ.ಮೀ. ತೆರೆಯುವವರೆಗೆ ಬಲವಾದ ಹಂತ ಶುರುವಾಗಿದೆ ಎನ್ನುವಂತಿಲ್ಲ ಎಂಬುದು ಅದೇ ಸಂಸ್ಥೆಯ 2018ರ ಮಾರ್ಗಸೂಚಿಯಲ್ಲಿದೆ, ತೋರಿಸಿ ಕೇಳಿ. ನಿಮ್ಮ ಇಷ್ಟಗಳನ್ನು ಒಂದೇ ಪುಟದಲ್ಲಿ ಬರೆದು, ಒಂದು ಪ್ರತಿಯನ್ನು ಕಡತಕ್ಕೆ ಸೇರಿಸಿ, ಇನ್ನೊಂದನ್ನು ಜೊತೆಗೆ ಬರುವವರ ಕೈಯಲ್ಲಿಡಿ.